ಒಂದೇ ಟ್ಯೂಬು, ಹತ್ತು ಕೈ



ಮಳೆ ಹಿಡಿಯುವ ಮೊದಲು ನಮ್ಮ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ದಿನ ಅಪ್ಪಯ್ಯ ಒಂದು ಪರೀಕ್ಷೆ ಮಾಡುತ್ತಿದ್ದರು. ಒಂದು ಪೀಪಾಯಿಯಲ್ಲಿ ಮೈಲುತುತ್ತ ಕರಗಿಸಿದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಮೂರನೆಯ ಪೀಪಾಯಿಗೆ ಹೊಯ್ದು ಕೋಲಿನಿಂದ ತಿರುವಿದ ಮೇಲೆ, ಸೊಂಟದ ಕತ್ತಿ ತೆಗೆದು ಚೆನ್ನಾಗಿ ಉಜ್ಜಿ, ಆ ಆಕಾಶನೀಲಿ ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದರು. ಒಂದು ನಿಮಿಷ ಬಿಟ್ಟು ಎತ್ತಿದಾಗ ಕತ್ತಿಯ ಮೇಲೆ ತಾಮ್ರದ ಕೆಂಪು ಕೂತಿದ್ದರೆ "ಸುಣ್ಣ ಸಾಲದು" ಎಂದು ಇನ್ನೊಂದು ಚೊಂಬು ಹೊಯ್ಯಿಸುವುದು. ಕತ್ತಿ ಅದ್ದಿದ ಹಾಗೇ ಬಂದರೆ ಕೊನೆಗೌಡನಿಗೆ ಮರ ಹತ್ತಲು ಸನ್ನೆ. ಅಷ್ಟೇ ಪ್ರಯೋಗಶಾಲೆ. ಅದಕ್ಕೆ ಬೋರ್ಡೋ ದ್ರಾವಣ ಎಂಬ ಫ್ರೆಂಚ್ ಹೆಸರಿದೆ ಎಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ.

ನಾನು ಓದಿದ್ದು ತೋಟದ ರೋಗವನ್ನಲ್ಲ, ಮನುಷ್ಯರ ಚರ್ಮರೋಗವನ್ನು. ಆದರೂ ಹುಳುಕಡ್ಡಿ ಎಂದು ಹೇಳಿಕೊಂಡು ಯಾರಾದರೂ ನನ್ನೆದುರು ಕೂತಾಗ ಆ ಕತ್ತಿ ನೆನಪಾಗುತ್ತದೆ. ಅಪ್ಪಯ್ಯನ ಔಷಧಿ ನೂರು ವರ್ಷ ದಾಟಿಯೂ ಕೆಲಸ ಮಾಡುತ್ತಿದೆ. ನಾನು ಓದು ಮುಗಿಸಿ ಬಂದಾಗ ರಾಮಬಾಣ ಎನಿಸಿಕೊಂಡಿದ್ದ ನನ್ನ ಮಾತ್ರೆ ನನ್ನ ಕಣ್ಣೆದುರಿಗೇ ಮೊಂಡಾಯಿತು. ಇವತ್ತಿನ ಮಾತು ಆ ಮೊಂಡಾದದ್ದರ ಬಗ್ಗೆ.

ಕಳೆದ ಸುಗ್ಗಿ ಮುಗಿಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದರು. ಅಡಿಕೆ ಸುಲಿಯಲು ಹೋಗುವವರು. ಕಾರ್ತಿಕದ ಚಳಿಯಲ್ಲಿ ರಾತ್ರಿ ಹನ್ನೊಂದರವರೆಗೆ ಹತ್ತು ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕೂತು, ಊರಿನ ಸುದ್ದಿಯನ್ನೂ ಅಡಿಕೆಯನ್ನೂ ಒಟ್ಟಿಗೇ ಸುಲಿಯುವುದನ್ನು ನೀವೆಲ್ಲ ನೋಡಿದ್ದೀರಿ. "ಡಾಕ್ಟ್ರಮ್ಮಾ, ಎಂಟು ತಿಂಗಳಾಯ್ತು. ಹಚ್ಚಿದರೆ ಹೋಗ್ತದೆ, ಬಿಟ್ಟರೆ ಬರ್ತದೆ" ಎಂದು ಸೆರಗು ಸರಿಸಿ ಸೊಂಟ ತೋರಿಸಿದರು. ಸೀರೆ ಬಿಗಿಯುವ ಜಾಗದ ಸುತ್ತ ಅಂಗೈ ಅಗಲದ ಕಲೆಗಳು. ಹುಳುಕಡ್ಡಿ ಸಾಮಾನ್ಯವಾಗಿ ಒಂದು ಬಳೆಯ ಹಾಗಿರುತ್ತದೆ: ಅಂಚು ಉಬ್ಬಿ ಕೆಂಪಾಗಿ, ನಡುವೆ ಹೆಚ್ಚುಕಡಿಮೆ ಮಾಸಿಹೋಗಿ. ಇವರದು ಬಳೆಯೊಳಗೆ ಬಳೆ, ಅದರೊಳಗೆ ಇನ್ನೊಂದು. ಹಾಗೆ ಕಂಡರೆ ಅಲ್ಲಿ ಸ್ಟಿರಾಯ್ಡ್ ಮುಲಾಮು ಬಿದ್ದಿದೆ ಎಂದು ನಾವು ಮೊದಲೇ ಊಹಿಸುತ್ತೇವೆ.

ಅಂಚಿನ ಹೊಟ್ಟನ್ನು ಬ್ಲೇಡಿನ ಬೆನ್ನಿನಿಂದ ನವಿರಾಗಿ ಕೆರೆದು ಗಾಜಿನ ಮೇಲೆ ಉದುರಿಸಿಕೊಂಡೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ. ಅದು ಚರ್ಮದ ಕೋಶಗಳನ್ನು ಕರಗಿಸಿ ತಿಳಿಯಾಗಿಸುತ್ತದೆ, ಶಿಲೀಂಧ್ರದ ಗೋಡೆಯನ್ನು ಕರಗಿಸಲಾರದು. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಂಚು ಹಾಸಿದಂತಿರುವ ಚರ್ಮದ ಕೋಶಗಳ ಮೇಲೆ, ಅವುಗಳ ಗಡಿಯನ್ನು ಲೆಕ್ಕಿಸದೆ ಹರಿದ ಗಾಜಿನೆಳೆಗಳು. ಅಲ್ಲಲ್ಲಿ ಗಂಟು, ಅಲ್ಲಲ್ಲಿ ಕವಲು. ಇವರಿಗೂ ತೋರಿಸಿದೆ. "ಹುಳ ಎಲ್ಲಿ?" ಎಂದು ಕೇಳಿದರು.

ಹುಳ ಇಲ್ಲ. ಹುಳುಕಡ್ಡಿಯಲ್ಲಿ ಹುಳವೂ ಇಲ್ಲ, ಗಜಕರ್ಣದಲ್ಲಿ ಆನೆಯೂ ಇಲ್ಲ. ಇರುವುದು ಬೂಷ್ಟಿನ, ಅಣಬೆಯ ವಂಶದ ಒಂದು ಜೀವಿ. ನಮ್ಮ ಚರ್ಮದ ಮೇಲ್ಪದರದ ಸತ್ತ ಕೆರಟಿನ್ ತಿಂದು ಬದುಕುತ್ತದೆ, ತಿನ್ನುತ್ತ ತಿನ್ನುತ್ತ ಸುತ್ತ ಹಬ್ಬುತ್ತದೆ. ಕಷ್ಟ ಇರುವುದು ಈ ವಂಶ ನಮಗೆ ತೀರ ಹತ್ತಿರದ್ದು ಎಂಬಲ್ಲಿ. ಗಿಡಗಳ ಜೊತೆ ಮಣ್ಣಲ್ಲಿ ಬೆಳೆಯುವುದನ್ನು ಕಂಡು ನಾವು ಶಿಲೀಂಧ್ರವನ್ನು ಗಿಡದ ಕಡೆಯವರು ಎಂದುಕೊಳ್ಳುತ್ತೇವೆ. ವಂಶವೃಕ್ಷ ಬೇರೆ ಹೇಳುತ್ತದೆ. ನೂರು ಕೋಟಿ ವರ್ಷಕ್ಕೂ ಹಿಂದೆ ನಮ್ಮದೂ ಅವುಗಳದ್ದೂ ಒಂದೇ ಮನೆ; ಗಿಡಗಳು ಅದಕ್ಕೂ ಮೊದಲೇ ಪಾಲು ತೆಗೆದುಕೊಂಡು ಹೊರಟವರು. ಶಿಲೀಂಧ್ರಗಳು ನಮ್ಮ ಹಾಗೆಯೇ ಗ್ಲೈಕೋಜೆನ್ ಕೂಡಿಡುತ್ತವೆ, ಅವುಗಳ ಗೋಡೆಯ ಕೈಟಿನ್ ಏಡಿಯ ಚಿಪ್ಪಿನಲ್ಲಿರುವುದೇ.

ಬ್ಯಾಕ್ಟೀರಿಯಾದ ಜೊತೆ ಜಗಳ ಸುಲಭ, ಯಾಕೆಂದರೆ ಅದು ಪರಕೀಯ. ಪೆನ್ಸಿಲಿನ್ ಅದರ ಗೋಡೆ ಕಟ್ಟುವ ಕೆಲಸ ಕೆಡಿಸುತ್ತದೆ. ನಮ್ಮ ಕೋಶಕ್ಕೆ ಅಂಥ ಗೋಡೆಯೇ ಇಲ್ಲ, ನಮಗೇನೂ ಆಗದು. ದಾಯಾದಿ ಮನೆಗೆ ಬೆಂಕಿ ಇಟ್ಟರೆ ನಮ್ಮ ಮಾಡಿಗೂ ಕಿಡಿ ಹಾರುತ್ತದೆ. ಬ್ಯಾಕ್ಟೀರಿಯಾಕ್ಕೆ ಔಷಧಿಗಳ ಗುಂಪುಗಳು ಎಷ್ಟೋ ಇವೆ. ಶಿಲೀಂಧ್ರಕ್ಕೆ, ಮೈಯೊಳಗಿನ ಸೋಂಕಿಗೆ ಕೊಡಬಲ್ಲಂಥವು, ಒಂದು ಕೈಯ ಬೆರಳಲ್ಲಿ ಮುಗಿಯುತ್ತವೆ.

ಹಾಗಾದರೆ ಎಲ್ಲಿ ಹೊಡೆಯುವುದು? ಇರುವ ಕೆಲವೇ ವ್ಯತ್ಯಾಸಗಳಲ್ಲಿ ದೊಡ್ಡದು ಕೋಶದ ಪೊರೆಯಲ್ಲಿದೆ. ನಮ್ಮ ಪೊರೆಯನ್ನು ಬಿಗಿಯಾಗಿಡುವುದು ಕೊಲೆಸ್ಟೆರಾಲ್. ಹೌದು, ರಕ್ತಪರೀಕ್ಷೆಯ ಚೀಟಿ ನೋಡಿ ಎಲ್ಲರೂ ಬೈಯುವ ಅದೇ ಕೊಲೆಸ್ಟೆರಾಲ್. ಶಿಲೀಂಧ್ರ ಅದೇ ಕೆಲಸಕ್ಕೆ ಎರ್ಗೊಸ್ಟೆರಾಲ್ ಎಂಬ ಅದರ ತಮ್ಮನಂಥ ವಸ್ತುವನ್ನು ಬಳಸುತ್ತದೆ. ನಮ್ಮ ಬಹುಪಾಲು ಔಷಧಿಗಳು ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಆ ದಾರಿ ಮೊದಲು ಕಂಡದ್ದು ಇಬ್ಬರು ಹೆಂಗಸರಿಗೆ. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದ ರಾಜ್ಯ ಆರೋಗ್ಯ ಇಲಾಖೆಯ ಪ್ರಯೋಗಾಲಯದ ಸೂಕ್ಷ್ಮಜೀವಿ ತಜ್ಞೆ. ರೇಚಲ್ ಬ್ರೌನ್ ಅದೇ ಇಲಾಖೆಯ ರಸಾಯನಶಾಸ್ತ್ರಜ್ಞೆ, ಇದ್ದದ್ದು ದೂರದ ಆಲ್ಬನಿಯಲ್ಲಿ. ಹೇಜನ್ ಎಲ್ಲೆಲ್ಲಿಂದಲೋ ಮಣ್ಣು ತರಿಸಿ ಅದರಲ್ಲಿನ ಜೀವಿಗಳನ್ನು ಬೆಳೆಸುವುದು, ಗುಣ ಕಂಡದ್ದನ್ನು ಗಾಜಿನ ಜಾಡಿಯಲ್ಲಿ ಹಾಕಿ ಅಂಚೆಯಲ್ಲಿ ಆಲ್ಬನಿಗೆ ಕಳಿಸುವುದು. ಬ್ರೌನ್ ಅದರ ಸಾರ ಬೇರ್ಪಡಿಸಿ ಮತ್ತೆ ಅಂಚೆಗೆ ಹಾಕುವುದು. ಮದ್ದು ಕೊನೆಗೆ ಸಿಕ್ಕಿದ್ದು ಹೇಜನ್‌ರ ಸ್ನೇಹಿತರಾದ ನೂರ್ಸ್ ಎಂಬವರ ವರ್ಜೀನಿಯಾದ ಜಮೀನಿನ ಮಣ್ಣಿನಲ್ಲಿ. 1950ರಲ್ಲಿ ಅದನ್ನು ಪ್ರಕಟಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನಿಂದಲೇ ನಿಸ್ಟಾಟಿನ್ ಎಂದು ಕರೆದರು. ಅದರಿಂದ ಬಂದ 1 ಕೋಟಿ 30 ಲಕ್ಷ ಡಾಲರಿನಷ್ಟು ಗೌರವಧನವನ್ನು ಇಬ್ಬರೂ ಸ್ವಂತಕ್ಕೆ ಮುಟ್ಟದೆ ಸಂಶೋಧನೆಗೆ ಬಿಟ್ಟುಕೊಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ನೆರೆ ಬಂದು ಹಳೆಯ ಚಿತ್ರಫಲಕಗಳಿಗೆ ಬೂಷ್ಟು ಹಿಡಿದಾಗ ಅವಕ್ಕೂ ಇದೇ ನಿಸ್ಟಾಟಿನ್ ಸಿಂಪಡಿಸಿದರು. ಮಗುವಿನ ಬಾಯಿಯ ಬಿಳಿ ಅಗ್ರಕ್ಕೆ ಬಿಡುವ ಹಳದಿ ದ್ರವ ಚಿತ್ರಪಟಕ್ಕೂ ಆಯಿತು ಎಂದರೆ ನನಗೆ ಈಗಲೂ ಸೋಜಿಗ.

ನಿಸ್ಟಾಟಿನ್ ರಕ್ತಕ್ಕೆ ಹೋಗುವಂಥದ್ದಲ್ಲ. ಅದರ ಜಾತಿಯದೇ ಆಂಫೊಟೆರಿಸಿನ್ ಹೋಗುತ್ತದೆ. ವೆನೆಜುವೆಲಾದ ಒರಿನೊಕೊ ನದಿಯ ಬಳಿಯ ಮಣ್ಣಿನಿಂದ ಬಂದದ್ದು. 2021ರ ಬೇಸಿಗೆಯಲ್ಲಿ ಕೋವಿಡ್ ಬೆನ್ನಿಗೇ ಬ್ಲ್ಯಾಕ್ ಫಂಗಸ್ ಬಂದಾಗ, ಜನ ಊರೂರು ಅಲೆದು ಹುಡುಕಿದ ಇಂಜೆಕ್ಷನ್ ಅದೇ. ಅದು ಎರ್ಗೊಸ್ಟೆರಾಲನ್ನೇ ಹಿಡಿದು ಎಳೆಯುತ್ತದೆ, ಪೊರೆ ಸೋರತೊಡಗುತ್ತದೆ. ದಾಯಾದಿತನದ ಫಲ ಇಲ್ಲಿ ಕಾಣುತ್ತದೆ: ಕೊಲೆಸ್ಟೆರಾಲನ್ನೂ ಸ್ವಲ್ಪ ಎಳೆಯುವುದರಿಂದ ರೋಗಿಯ ಮೂತ್ರಪಿಂಡಕ್ಕೆ ಪೆಟ್ಟು.

ಉಳಿದ ಎರಡು ಗುಂಪುಗಳನ್ನು ನಮ್ಮ ಸುಲಿತದ ಅಂಗಳದಲ್ಲೇ ಕೂತು ವಿವರಿಸಬಹುದು. ಹಸಿ ಅಡಿಕೆ ಕೆಂಪಡಿಕೆ ಆಗಬೇಕಾದರೆ ಕೊಯ್ಯಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಎರ್ಗೊಸ್ಟೆರಾಲೂ ಹೀಗೇ ಒಂದೊಂದು ಹಂತ ದಾಟಿ ತಯಾರಾಗುತ್ತದೆ; ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ಟರ್ಬಿನಾಫಿನ್ ಎಂಬ ಔಷಧಿ ಸುಲಿತವನ್ನು ನಿಲ್ಲಿಸುತ್ತದೆ. ಮೆಟ್ಟುಗತ್ತಿಗೆ ಅಡ್ಡ ಒಂದು ಕಲ್ಲು ಸಿಕ್ಕಿಸಿದ ಹಾಗೆ. ಕೆಂಪಡಿಕೆ ಸಿಗುವುದಿಲ್ಲ ಎಂಬುದಷ್ಟೇ ಅಲ್ಲ, ಸುಲಿಯದ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದು ಬಿಸಿಯೇರಿ ಕೊಳೆಯುತ್ತದಲ್ಲ, ಹಾಗೆ ಸ್ಕ್ವಾಲೀನ್ ಎಂಬ ಅರೆಮಾಲು ಶಿಲೀಂಧ್ರದೊಳಗೆ ತುಂಬಿ ಅದನ್ನೇ ಕೊಲ್ಲುತ್ತದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್ ಮುಂತಾದ ಅಜೋಲ್‌ಗಳು ಬೇಯಿಸುವ ಹಂಡೆಯ ಬೆಂಕಿ ಆರಿಸುತ್ತವೆ. ಹಸಿಬಿಸಿ ಸರಕೇ ಪೊರೆಗೆ ಸೇರುತ್ತದೆ. ಶಿಲೀಂಧ್ರ ಹೆಚ್ಚಿನ ಪಾಲು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಅದಕ್ಕೇ "ತುರಿಕೆ ನಿಂತಿತಲ್ಲ" ಎಂದು ಮಧ್ಯದಲ್ಲಿ ಬಿಟ್ಟವರಿಗೆ ಅದು ಮತ್ತೆ ಚಿಗುರುವುದು.

ನಾನು ಓದುವಾಗ ಮೈಮೇಲಿನ ಹುಳುಕಡ್ಡಿಗೆ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, ಎರಡು ವಾರ. ಬಹಳ ಮಂದಿಗೆ ಸಾಕಾಗುತ್ತಿತ್ತು. ಆಮೇಲೆ ಎರಡು ವಾರ ನಾಲ್ಕಾಯಿತು, ಒಂದು ಮಾತ್ರೆ ಎರಡಾಯಿತು. ಆದರೂ ಕಲೆ ಅಲ್ಲೇ. ಮೊದಮೊದಲು ನಾವು ರೋಗಿಗಳ ಮೇಲೆ ಅನುಮಾನ ಪಟ್ಟೆವು. ಮಾತ್ರೆ ನುಂಗಿಲ್ಲ ಎಂದು ಗದರಿದ್ದೂ ಇದೆ, ನಾನೇ ಗದರಿದ್ದೇನೆ. ಈಗ ನೆನೆದರೆ ಕಸಿವಿಸಿಯಾಗುತ್ತದೆ.

ಆಗಿದ್ದು ಇಷ್ಟು. ಸುಲಿಯುವ ಆ ಕಿಣ್ವ ನೂರಾರು ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಸರ. ಅದರ 397ನೇ ಮಣಿ ಫಿನೈಲ್‌ಅಲನಿನ್ ಇರಬೇಕಾದದ್ದು ಲ್ಯೂಸಿನ್ ಆಯಿತು. ಕೆಲವು ತಳಿಗಳಲ್ಲಿ 393ನೆಯದು ಬದಲಾಯಿತು. ಒಂದೇ ಮಣಿ. ಮೆಟ್ಟುಗತ್ತಿಯ ಬಾಯಿ ಕೂದಲೆಳೆಯಷ್ಟು ಓರೆಯಾಯಿತು ಎನ್ನಿ. ಅಡಿಕೆ ಇನ್ನೂ ಸುಲಿಯುತ್ತದೆ, ನಮ್ಮ ಕಲ್ಲು ಮಾತ್ರ ಅಲ್ಲಿ ಕೂರುವುದಿಲ್ಲ. ದೆಹಲಿಯ ಸಂಶೋಧಕರು 2018ರ ಹೊತ್ತಿಗೆ ಇದನ್ನು ಬರೆದರು.

ಔಷಧಿ ಈ ಬದಲಾವಣೆಯನ್ನು ಮಾಡಿಸಿತು ಎಂದು ತಿಳಿಯಬೇಡಿ. ಕೋಟಿಗಟ್ಟಲೆ ಕೋಶಗಳು ಒಡೆಯುವಾಗ ಅಕ್ಷರ ತಪ್ಪುವುದು ಸಹಜ. ಹೆಚ್ಚಿನ ತಪ್ಪುಗಳು ಕೆಲಸಕ್ಕೆ ಬಾರದವು. ಔಷಧಿ ಇಲ್ಲದಲ್ಲಿ ಆ ಓರೆ ಬಾಯಿಯವನು ಹತ್ತರೊಳಗೆ ಹನ್ನೊಂದನೆಯವನು. ಔಷಧಿ ಬಿದ್ದು ಉಳಿದವರೆಲ್ಲ ಸತ್ತರೆ ಅವನೇ ಊರಗೌಡ. ಬೇರೆ ಉಪಾಯಗಳೂ ಇವೆ. ಒಂದು ಮೆಟ್ಟುಗತ್ತಿಗೆ ಕಲ್ಲು ಸಿಕ್ಕಿಸಿದರೆ ಹತ್ತು ಮೆಟ್ಟುಗತ್ತಿ ತರಿಸಿ ಕೂರಿಸುವುದು, ಅಂದರೆ ಕಿಣ್ವವನ್ನೇ ಹೇರಳವಾಗಿ ಮಾಡಿಕೊಳ್ಳುವುದು. ಒಳಬಂದ ಔಷಧಿಯನ್ನು ಪಂಪು ಹಾಕಿ ಹೊರಗೆತ್ತಿ ಚೆಲ್ಲುವುದು. ಆಸ್ಪತ್ರೆಯ ನಳಿಕೆಗಳ ಮೇಲೆ ಲೋಳೆಯ ಹೊದಿಕೆ ನೇಯ್ದು ಅದರಡಿ ಅಡಗುವುದು.

ಇನ್ನು ಆ ಹೆಣ್ಣುಮಗಳು ಹಚ್ಚುತ್ತಿದ್ದ, ಸುಲಿತದ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಟ್ಯೂಬು. ಅದನ್ನು ಇಸಿದುಕೊಂಡು ಓದಿದೆ. ಒಂದು ಬಲವಾದ ಸ್ಟಿರಾಯ್ಡ್, ಒಂದು ಬ್ಯಾಕ್ಟೀರಿಯಾದ ಔಷಧಿ, ಒಂದು ಶಿಲೀಂಧ್ರದ ಔಷಧಿ. ಯಾವುದಾದರೊಂದು ತಾಗಲಿ ಎಂದು ಕತ್ತಲಲ್ಲಿ ಕಲ್ಲೆಸೆದ ಹಾಗೆ. ಹಚ್ಚಿದ ಎರಡನೇ ದಿನ ತುರಿಕೆ ಮಾಯ, ಕೆಂಪು ಮಾಯ. ಅದು ಸ್ಟಿರಾಯ್ಡ್ ಕೆಲಸ. ಕೆಂಪು, ತುರಿಕೆ ಎಂದರೆ ನಮ್ಮ ಮೈ ಕಳ್ಳನನ್ನು ಕಂಡು ಕೂಗುತ್ತಿದೆ ಎಂದು ಅರ್ಥ. ಸ್ಟಿರಾಯ್ಡ್ ನಾಯಿಯ ಬಾಯಿ ಕಟ್ಟುತ್ತದೆ. ಕಳ್ಳ ಒಳಗೇ ಆರಾಮವಾಗಿರುತ್ತಾನೆ. ಇದಕ್ಕೆ 1968ರಲ್ಲೇ ಇಂಗ್ಲೆಂಡಿನ ವೈದ್ಯರು ಟೀನಿಯಾ ಇನ್‌ಕಾಗ್ನಿಟೊ, ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ಅದು ಅಂಗಡಿಯ ಮುಂಗಟ್ಟೆಯಲ್ಲೇ ಸಿಗತೊಡಗಿತು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿತು, ಇಂಥ ಕೆಲವು ಮುಲಾಮುಗಳೂ ಅದರಲ್ಲಿದ್ದವು. ಕಾಗದದ ಮೇಲೆ ನಿಂತದ್ದು ಕೌಂಟರಿನ ಮೇಲೆ ನಿಂತಿದೆಯೇ ಎಂದು ನನ್ನನ್ನು ಕೇಳಬೇಡಿ. ಆ ಟ್ಯೂಬು ನನ್ನ ಕೈಯಲ್ಲಿತ್ತು.

ಅರೆಬರೆ ಔಷಧಿ, ಬಾಯಿ ಕಟ್ಟಿದ ನಾಯಿ, ಒಂದೇ ಟ್ಯೂಬಿಗೆ ಹತ್ತು ಕೈ. ಓರೆ ಬಾಯಿಯವನು ಗೆಲ್ಲಲು ಇದಕ್ಕಿಂತ ಒಳ್ಳೆಯ ಅಖಾಡ ಬೇಕೆ? ಭಾರತ ಮತ್ತು ನೇಪಾಳದ ರೋಗಿಗಳ ಚರ್ಮದಿಂದ ಸಿಕ್ಕಿದ ಈ ತಳಿಯನ್ನು ಜಪಾನಿನ ವಿಜ್ಞಾನಿಗಳು 2020ರಲ್ಲಿ ಹೊಸ ಪ್ರಭೇದವೆಂದು ಹೆಸರಿಸಿದರು: ಟ್ರೈಕೊಫೈಟಾನ್ ಇಂಡೊಟಿನಿಯೆ. ನಮ್ಮ ದೇಶದ ಹೆಸರು ಹೊತ್ತ ಹುಳುಕಡ್ಡಿ. ಮೊದಲು ನಮ್ಮಲ್ಲಿ ಸಾಮಾನ್ಯವಾಗಿದ್ದ ಟ್ರೈಕೊಫೈಟಾನ್ ರೂಬ್ರಮ್ಮನ್ನು ಇದು ಮೂಲೆಗೆ ತಳ್ಳಿಬಿಟ್ಟಿದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದು ಕಂಡದ್ದು ಅಮೆರಿಕದಲ್ಲಿ ಸುದ್ದಿಯಾಯಿತು. ಅವರಲ್ಲೊಬ್ಬರು ಹೊರದೇಶಕ್ಕೆ ಹೋಗಿಯೇ ಇರಲಿಲ್ಲ. ನಿಸ್ಟಾಟಿನ್ ಹುಟ್ಟಿದ ಊರಿಗೇ ನಾವು ಉಡುಗೊರೆ ಕಳಿಸಿದ ಹಾಗಾಯಿತು.

ಈಗ ಅಪ್ಪಯ್ಯನ ಪೀಪಾಯಿಗೆ ಬರೋಣ. ಫ್ರಾನ್ಸಿನ ಬೋರ್ಡೋ ಕಡೆ ದಾರಿಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನದಿರಲಿ ಎಂದು ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಜು ರೋಗ ಇಲ್ಲದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಈ ದ್ರಾವಣವನ್ನು ಮಲೆನಾಡಿನ ತೋಟಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ಪುಸ್ತಿಕೆ ಬಂದದ್ದು 1910ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ತಾಮ್ರ ಸೋತಿಲ್ಲ. ಮಳೆ ತೊಳೆದುಹಾಕಿದ್ದಿದೆ, ಹೊಡೆಯುವುದು ತಡವಾದದ್ದಿದೆ, ಅದು ಬೇರೆ ಮಾತು. ಕಾರಣ, ತಾಮ್ರ ಒಂದು ಬೀಗ ಹುಡುಕಿಕೊಂಡು ಹೋಗುವುದಿಲ್ಲ. ಕೈಗೆ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿ ಹಾಳುಮಾಡುತ್ತದೆ. ಒಂದು ಮಣಿ ಬದಲಿಸಿಕೊಂಡು ತಪ್ಪಿಸಿಕೊಳ್ಳಲಾಗದು. ಇದೇ ಕೊಳೆಯ ಬಳಗದ, ಆಲೂಗೆಡ್ಡೆಯ ಅಂಗಮಾರಿಗೆ 1970ರ ದಶಕದ ಕೊನೆಯಲ್ಲಿ ಮೆಟಲಾಕ್ಸಿಲ್ ಎಂಬ, ಒಂದೇ ಗುರಿಯ ಜಾಣ ಔಷಧಿ ಬಂತು. 1980ಕ್ಕೆಲ್ಲ ಐರ್ಲೆಂಡ್, ಹಾಲೆಂಡುಗಳಲ್ಲಿ ಅದು ಕೈಕೊಟ್ಟಿತು.

ಹಾಗಾದರೆ ಮೈಲುತುತ್ತವನ್ನೇ ಕೊಡಿ ಎನ್ನಬೇಡಿ. ಸಿಕ್ಕಸಿಕ್ಕದ್ದನ್ನೆಲ್ಲ ಹಾಳುಮಾಡುವುದು ನಮ್ಮನ್ನೂ ಹಾಳುಮಾಡುತ್ತದೆ. ಗೊನೆಯ ಮೇಲಿದ್ದರೆ ಸರಿ, ಹೊಟ್ಟೆಯೊಳಗೆ ಅದು ವಿಷ. ಮನುಷ್ಯನ ಔಷಧಿಗಳಲ್ಲಿ ತಾಮ್ರವನ್ನು ಸ್ವಲ್ಪ ಹೋಲುವುದು ಆಂಫೊಟೆರಿಸಿನ್ ಎಂದು ನನಗನಿಸುತ್ತದೆ. ಅದರ ಗುರಿ ಪ್ರೋಟೀನಲ್ಲ, ಎರ್ಗೊಸ್ಟೆರಾಲೇ. ಅದನ್ನು ಬಿಟ್ಟುಕೊಟ್ಟ ಶಿಲೀಂಧ್ರ ಬಡವಾಗುತ್ತದೆ. ಅದಕ್ಕೇ ಅದರ ವಿರುದ್ಧ ನಿರೋಧ ಅಪರೂಪ. ಅಪವಾದ ಇಲ್ಲದಿಲ್ಲ. 2009ರಲ್ಲಿ ಜಪಾನಿನ ಒಬ್ಬ ವೃದ್ಧೆಯ ಕಿವಿಯಿಂದ ಸಿಕ್ಕಿದ ಕ್ಯಾಂಡಿಡಾ ಆರಿಸ್‌ನ ಕೆಲವು ತಳಿಗಳು ಆಂಫೊಟೆರಿಸಿನ್ನಿಗೂ ಜಗ್ಗುವುದಿಲ್ಲ, ಫ್ಲುಕೊನಜೋಲ್ ಅಂತೂ ಹೆಚ್ಚಿನವಕ್ಕೆ ಲೆಕ್ಕಕ್ಕೇ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೇಲಿನ ಸಾಲಿನಲ್ಲಿ ಅದು ಇದೆ. ನಮ್ಮ ಹುಳುಕಡ್ಡಿ ಆ ಪಟ್ಟಿಯಲ್ಲಿಲ್ಲ. ಅದು ಕೊಲ್ಲುವುದಿಲ್ಲ, ರಾತ್ರಿ ನಿದ್ದೆ ಮಾತ್ರ ಕೆಡಿಸುತ್ತದೆ.

ತೋಟದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಈಗ ಹೊಡೆಯುವ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳ ಹೆಸರಿನ ಬಾಲ ಗಮನಿಸಿ. ನನ್ನ ಚೀಟಿಯಲ್ಲಿರುವ ಇಟ್ರಾಕೊನಜೋಲ್‌ನದೂ ಅದೇ ಬಾಲ, ಕೆಡಿಸುವುದೂ ಅದೇ ಹಂಡೆಯ ಬೆಂಕಿಯನ್ನು. ಹಾಲೆಂಡಿನಲ್ಲಿ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಸೋಂಕು ತಗುಲಿದ ರೋಗಿಗಳಲ್ಲಿ ಅಜೋಲ್ ನಿರೋಧ ಕಂಡಾಗ ವೈದ್ಯರು ಕಕ್ಕಾಬಿಕ್ಕಿಯಾದರು. ಅವರಲ್ಲಿ ಹಲವರು ಅಜೋಲ್ ಮಾತ್ರೆಯನ್ನು ಕಂಡವರೇ ಅಲ್ಲ. ಆ ಬೂಷ್ಟು ಹೊಲದಲ್ಲಿ, ಟುಲಿಪ್ ಗೆಡ್ಡೆಗಳಲ್ಲಿ, ಗೊಬ್ಬರದ ರಾಶಿಯಲ್ಲಿ ಅಜೋಲ್ ಉಂಡು ಪಳಗಿ, ಆಮೇಲೆ ಗಾಳಿಯಲ್ಲಿ ತೇಲಿ ಬಂದದ್ದು. ಅದೇ ಗುರುತಿನ ತಳಿ ದೆಹಲಿಯ ರೋಗಿಗಳಲ್ಲೂ ಸಿಕ್ಕಿತು. ಎಲೆಚುಕ್ಕಿಯಿಂದ ತೋಟ ಬೋಳಾಗುತ್ತಿರುವವರಿಗೆ ಔಷಧಿ ಹೊಡೆಯಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನೂ ಅಡಿಕೆಯ ಅನ್ನ ಉಂಡು ಬೆಳೆದವಳು. ರೋಗ ಇರಲಿ ಬಿಡಲಿ, ಪಕ್ಕದ ತೋಟದವರು ಹೊಡೆದರು ಎಂದು ನಾವೂ ಹೊಡೆಯುವುದಿದೆಯಲ್ಲ, ನನ್ನ ತಕರಾರು ಅದರ ಮೇಲೆ.

ಆ ಹೆಣ್ಣುಮಗಳಿಗೆ ಇಟ್ರಾಕೊನಜೋಲ್ ಬರೆದೆ. ಅದಕ್ಕೊಂದು ಗೀಳು: ಹೊಟ್ಟೆಯಲ್ಲಿ ಊಟವೂ ಹುಳಿಯೂ ಇದ್ದರೇ ಅದು ಮೈಗೆ ಹತ್ತುವುದು. "ಊಟ ಆದ ಕೂಡಲೇ ನುಂಗಬೇಕು. ಬೇರೆ ಏನಾದರೂ ಮಾತ್ರೆ ಉಂಟೋ?" ಎಂದು ಕೇಳಿದರೆ, "ಬೆಳಿಗ್ಗೆ ಒಂದು ಗ್ಯಾಸಿನ ಮಾತ್ರೆ ಅಷ್ಟೇ, ಅದು ಲೆಕ್ಕಕ್ಕಿಲ್ಲ" ಎಂದರು. ಲೆಕ್ಕಕ್ಕಿದೆ. ಗ್ಯಾಸಿನ ಮಾತ್ರೆ ಹೊಟ್ಟೆಯ ಹುಳಿ ತೆಗೆಯುತ್ತದೆ, ದುಬಾರಿ ಕ್ಯಾಪ್ಸೂಲು ಕರಗದೆ ಹೊರಟುಹೋಗುತ್ತದೆ. ಹೀಗೆ ವ್ಯರ್ಥವಾದದ್ದನ್ನೂ ಎಷ್ಟೋ ಸಲ ನಾವು ನಿರೋಧದ ಖಾತೆಗೆ ಬರೆದಿದ್ದೇವೆ. ಇನ್ನು ಬಟ್ಟೆ. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಹರವಿ ಅರೆ ಒಣಗಿದ ಲಂಗವನ್ನೇ ಉಡುವವರಿಗೆ "ಬಿಸಿಲಲ್ಲಿ ಒಣಗಿಸಿ" ಎಂದು ಬರೆದುಕೊಡುವುದು ಗೇಲಿ ಮಾಡಿದ ಹಾಗೆ. ಇಸ್ತ್ರಿ ಹಾಕಿ ಎಂದೆ, ಮುಖ್ಯವಾಗಿ ಹೊಲಿಗೆ ಮತ್ತು ಲಾಡಿಯ ಜಾಗಕ್ಕೆ. ಮನೆಯಲ್ಲಿ ತುರಿಸಿಕೊಳ್ಳುವವರನ್ನೆಲ್ಲ ಕರೆತರಲು ಹೇಳಿದೆ. ಗಂಡ, ಅತ್ತೆ, ಆರು ವರ್ಷದ ಹುಡುಗ, ಮೂವರೂ ಬಂದರು. ಮೂವರಿಗೂ ಇತ್ತು.

ಎರಡೂವರೆ ತಿಂಗಳು ಹಿಡಿಯಿತು. ಕೊನೆಯ ಸಲ ಬಂದಾಗ ಸೊಂಟದ ಸುತ್ತ ಕಂದು ಕಲೆ ಮಾತ್ರ ಉಳಿದಿತ್ತು. ಕೆರೆದು ನೋಡಿದರೆ ಗಾಜಿನ ಮೇಲೆ ಎಳೆಗಳಿರಲಿಲ್ಲ. ಹೊರಡುವಾಗ ನೆನಪಾಗಿ, ಮೊದಲ ದಿನ ತೋರಿಸಿದ್ದ ಆ ಟ್ಯೂಬು ಏನಾಯಿತು ಎಂದು ಕೇಳಿದೆ.

"ಬಿಸಾಡಲು ಮನಸ್ಸು ಬರಲಿಲ್ಲ ಡಾಕ್ಟ್ರಮ್ಮಾ" ಎಂದರು. "ಇನ್ನೂ ಅರ್ಧ ಇತ್ತಲ್ಲ. ನಮ್ಮ ನಾದಿನಿಗೆ ಕೊಟ್ಟೆ."